ವೆಂಗೆನ್‌ನಲ್ಲಿ ಬಿದ್ದ ಲೆಕ್ಕ

ಜ್ಯೂರಿಕ್‌ನಲ್ಲಿ ನಾವಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯೊಂದಿದೆ. ಎಂಟು ಮನೆಗಳಿಗೆ ಒಂದೇ ಯಂತ್ರ. ನಮ್ಮ ಪಾಳಿ ಬುಧವಾರ. ಬೆಳಿಗ್ಗೆ ಏಳಕ್ಕೆ ಕೀಲಿ ಕೈಗೆ ಬಂದರೆ ರಾತ್ರಿ ಒಂಬತ್ತರೊಳಗೆ ಮುಂದಿನ ಮನೆಯವರಿಗೆ ದಾಟಬೇಕು. ಅದಕ್ಕೆ ಮುಂಚೆ ಯಂತ್ರದ ಬಾಗಿಲಿನ ರಬ್ಬರ್ ಒರೆಸಿ, ಜಾಲರಿಯಲ್ಲಿ ಸಿಕ್ಕಿದ ನೂಲು ತೆಗೆದು, ನೆಲದ ಮೇಲೆ ಒಂದು ಹನಿ ನೀರೂ ಉಳಿಯದಂತೆ ನೋಡಿಕೊಳ್ಳಬೇಕು. ಊರಿನಲ್ಲಿ ಮುಹೂರ್ತ ಹತ್ತು ನಿಮಿಷ ಆಚೀಚೆ ಆದರೆ ಪುರೋಹಿತರು ಹೇಗೋ ಸುಧಾರಿಸುತ್ತಾರೆ. ಈ ಪಾಳಿಗೆ ಅಂಥ ಪರಿಹಾರವಿಲ್ಲ.

ಇಲ್ಲಿಗೆ ಬಂದು ಆರು ವರ್ಷವಾಯಿತು. ಭಾನುವಾರ ಗಾಜಿನ ಬಾಟಲಿಗಳನ್ನು ಸಂಗ್ರಹದ ತೊಟ್ಟಿಗೆ ಹಾಕಬಾರದು, ಕಸವನ್ನು ನಗರಾಡಳಿತದ ದುಬಾರಿ ಚೀಲದಲ್ಲೇ ಕಟ್ಟಬೇಕು ಎಂಬಂಥ ಪಾಠಗಳನ್ನು ನೆರೆಯ ಅಜ್ಜಿಯರಿಂದ ಬೈಸಿಕೊಂಡೇ ಕಲಿತೆವು. ಐದು ವರ್ಷದ ಮಗ ಕೊರಳಿಗೆ ಹೊಳೆಯುವ ಕಿತ್ತಳೆ ಬಣ್ಣದ ತ್ರಿಕೋನ ಪಟ್ಟಿ ಹಾಕಿಕೊಂಡು ಒಬ್ಬನೇ ಕಿಂಡರ್‌ಗಾರ್ಟನ್‌ಗೆ ನಡೆದು ಹೋಗುತ್ತಾನೆ. ಇಲ್ಲಿ ಎಲ್ಲ ಮಕ್ಕಳೂ ಹಾಗೆಯೇ. ಮೊದಲ ತಿಂಗಳು ನಾನು ಮರಗಳ ಮರೆಯಲ್ಲಿ ನಿಂತು ನಿಂತು ಅವನನ್ನು ಹಿಂಬಾಲಿಸಿದೆ. ಒಂದು ದಿನ ಅವನ ಟೀಚರ್ ನನ್ನನ್ನು ಕಂಡು, "ಅವನಿಗೆ ದಾರಿ ಗೊತ್ತಿದೆ. ಗೊತ್ತಿಲ್ಲದವರು ನೀವು ಮಾತ್ರ" ಎಂದು ನಗುತ್ತಲೇ ಹೇಳಿದರು. ಮಗ ಹುಟ್ಟಿದ್ದು ಇಲ್ಲಿಯೇ. ಮಗಳು ಇಳಾ ಎರಡು ವರ್ಷದವಳಿದ್ದಾಗ ಬಂದದ್ದು, ಈಗ ಎಂಟು. ಮನೆಯೊಳಗೆ ಇಬ್ಬರೂ ಕನ್ನಡ ಮಾತನಾಡುತ್ತಾರೆ, ಹೊಸ್ತಿಲು ದಾಟಿದ ಕ್ಷಣ ಸ್ವಿಸ್ ಜರ್ಮನ್. ನಾನು ತರಗತಿಗೆ ಹೋಗಿ ಕಲಿತದ್ದು ಪುಸ್ತಕದ ಜರ್ಮನ್. ಅದನ್ನು ಕೇಳಿದ ಅಂಗಡಿಯವರು ನಾನು ವಾರ್ತೆ ಓದುತ್ತಿದ್ದೇನೋ ಎಂಬಂತೆ ನೆಟ್ಟಗೆ ನಿಂತುಕೊಳ್ಳುತ್ತಾರೆ.

ಫೆಬ್ರವರಿಯಲ್ಲಿ ಜ್ಯೂರಿಕ್ ಶಾಲೆಗಳಿಗೆ ಎರಡು ವಾರ ರಜೆ. ಇದಕ್ಕೆ 'ಸ್ಪೋರ್ಟ್‌ಫೆರಿಯನ್', ಅಂದರೆ ಆಟದ ರಜೆ ಎಂದು ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಉಳಿಸಲೆಂದು ಚಳಿಗಾಲದಲ್ಲಿ ಶಾಲೆ ಮುಚ್ಚುತ್ತಿದ್ದರಂತೆ. ಯುದ್ಧ ಮುಗಿಯಿತು, ರಜೆ ಉಳಿಯಿತು. ಈಗ ಅದರ ಅರ್ಥ ಒಂದೇ: ಬೆಟ್ಟಕ್ಕೆ ಹೋಗಿ ಸ್ಕೀ ಮಾಡುವುದು. ರಜೆ ಮುಗಿದ ಸೋಮವಾರ ತರಗತಿಯಲ್ಲಿ ಮಕ್ಕಳು ವೃತ್ತಾಕಾರವಾಗಿ ಕುಳಿತು ಎಲ್ಲಿಗೆ ಹೋಗಿದ್ದೆವು ಎಂದು ಹೇಳಬೇಕು. ಒಬ್ಬಳು ದಾವೋಸ್ ಎಂದಳಂತೆ, ಇನ್ನೊಬ್ಬ ಆಂಡರ್‌ಮಾಟ್ ಎಂದನಂತೆ. ನಮ್ಮ ಇಳಾ ಹೋದ ವರ್ಷ "ನಾವು ಸೋಫಾ ನೋಡಲು ಹೋಗಿದ್ದೆವು" ಎಂದು ಹೇಳಿ ಬಂದಳು. ಕೊಳ್ಳಲೂ ಇಲ್ಲ, ನೋಡಿದ್ದು ಮಾತ್ರ. ಆ ರಾತ್ರಿ ಇವರು ಕಂಪ್ಯೂಟರ್ ತೆರೆದು ಮುಂದಿನ ವರ್ಷದ ಫೆಬ್ರವರಿಗೆ ಆಲ್ಪ್ಸ್ ಬೆಟ್ಟದ ಊರಾದ ವೆಂಗೆನ್‌ನಲ್ಲಿ ಅಡುಗೆಮನೆಯಿರುವ ಎರಡು ಕೋಣೆಗಳನ್ನು ಕಾಯ್ದಿರಿಸಿದರು.

ಶನಿವಾರ

ಎರಡು ಸೂಟ್‌ಕೇಸ್, ಮಕ್ಕಳಿಗೆಂದು ಇಡೀ ಚಳಿಗಾಲಕ್ಕೆ ಬಾಡಿಗೆಗೆ ತಂದ ಸ್ಕೀ ಜೊತೆಗಳು, ಅಕ್ಕಿ, ತೊಗರಿಬೇಳೆ, ಪುಳಿಯೋಗರೆ ಗೊಜ್ಜು, ಮೂರು ಲೀಟರಿನ ಕುಕ್ಕರ್. ಕುಕ್ಕರ್ ಬೇಡವೆಂದು ಇವರು, ಬೇಕೇಬೇಕೆಂದು ನಾನು. ಕೊನೆಗೆ ಅದು ಇವರ ಬೆನ್ನುಚೀಲದೊಳಗೆ ಹೋಯಿತು.

ಜ್ಯೂರಿಕ್‌ನಿಂದ ಬರ್ನ್, ಬರ್ನ್‌ನಿಂದ ಥೂನ್ ಸರೋವರದ ಅಂಚು ಹಿಡಿದು ಇಂಟರ್‌ಲಾಕೆನ್ ಓಸ್ಟ್. ರೈಲಿನ ತುಂಬ ಹೆಲ್ಮೆಟ್ ಧರಿಸಿದ ಮಕ್ಕಳು. ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯೇ ಇದೆ. ಹಿಂದಿ ಸಿನಿಮಾಗಳಲ್ಲಿ ನಾಯಕಿ ತೆಳು ಸೀರೆಯಲ್ಲಿ ಹಿಮದ ಮೇಲೆ ಕುಣಿಯುವುದನ್ನು ನೋಡಿ ಬೆಳೆದವಳು ನಾನು. ಪ್ಲಾಟ್‌ಫಾರ್ಮ್ ಮೇಲೆ ನಾಲ್ಕು ನಿಮಿಷ ನಿಂತು ಮೂಗಿನ ತುದಿ ಮರಗಟ್ಟಿದಾಗ ಆ ನಾಯಕಿಯರ ಬಗ್ಗೆ ಗೌರವ ಹೆಚ್ಚಿತು.

ಇಲ್ಲಿಂದ ಹೊರಡುವ ಬೆಟ್ಟದ ರೈಲಿನಲ್ಲಿ ಒಂದು ಚಮತ್ಕಾರವಿದೆ. ಹೊರಡುವಾಗ ಒಂದೇ ರೈಲು, ತ್ಸ್ವೈಲ್ಯೂಚಿನೆನ್ ನಿಲ್ದಾಣದಲ್ಲಿ ಎರಡಾಗುತ್ತದೆ. ಒಂದು ಅರ್ಧ ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಅರ್ಧ ಲೌಟರ್‌ಬ್ರುನೆನ್‌ಗೆ. ಊರಿನ ಹೆಸರಿನ ಅರ್ಥವೇ ಎರಡು ಲ್ಯೂಚಿನೆ. ಕಪ್ಪು ಲ್ಯೂಚಿನೆ, ಬಿಳಿ ಲ್ಯೂಚಿನೆ ಎಂಬ ಎರಡು ಹೊಳೆಗಳು ಅಲ್ಲಿ ಕೂಡುತ್ತವೆ. ಹೊಳೆಗಳು ಕೂಡುವ ಕಡೆ ರೈಲು ಒಡೆಯುತ್ತದೆ. ಇದನ್ನೆಲ್ಲ ಮುಂಚೆಯೇ ಓದಿಕೊಂಡಿದ್ದ ಇವರು ನಮ್ಮನ್ನು ಅಷ್ಟೇ ವಿಶ್ವಾಸದಿಂದ ತಪ್ಪು ಅರ್ಧದಲ್ಲಿ ಕೂರಿಸಿದ್ದರು.

ಧ್ವನಿವರ್ಧಕದಲ್ಲಿ ಏನೋ ಹೇಳಿದ್ದನ್ನು ಇಳಾ ಕೇಳಿಸಿಕೊಂಡಳು. "ಅಪ್ಪ, ಇದು ಗ್ರಿಂಡೆಲ್‌ವಾಲ್ಡ್‌ಗೆ ಹೋಗುತ್ತದೆ." "ಇಲ್ಲ ಪುಟ್ಟಿ, ನಾನು ನೋಡಿದ್ದೇನೆ." "ಅಪ್ಪ, ಅವರು ಈಗ ತಾನೇ ಹೇಳಿದರು." ರೈಲು ನಿಂತ ಕೂಡಲೇ ನಾಲ್ವರೂ ಇಳಿದು, ಸ್ಕೀಗಳನ್ನು ಕಟ್ಟಿಗೆಯ ಹೊರೆಯಂತೆ ಹೊತ್ತು, ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡಿದೆವು. ಇವರ ಬೆನ್ನ ಮೇಲೆ ಕುಕ್ಕರಿನೊಳಗಿದ್ದ ಸೌಟು ಹೆಜ್ಜೆ ಹೆಜ್ಜೆಗೂ ಗಂಟೆ ಬಾರಿಸುತ್ತಿತ್ತು. ಸರಿಯಾದ ಬೋಗಿಯಲ್ಲಿ ಕುಳಿತ ಮೇಲೆ ಹತ್ತು ನಿಮಿಷ ಯಾರೂ ಇವರ ಮುಖ ನೋಡಲಿಲ್ಲ.

ಲೌಟರ್‌ಬ್ರುನೆನ್ ಕಣಿವೆಯ ಎರಡೂ ಬದಿಗೆ ಗರಗಸದಲ್ಲಿ ಕೊಯ್ದಂತೆ ನೆಟ್ಟಗಿನ ಬಂಡೆಗೋಡೆ. ಅದರ ಮೇಲಿಂದ ಬೀಳುವ ಷ್ಟೌಬ್‌ಬಾಖ್ ಜಲಪಾತದ ಎತ್ತರ 297 ಮೀಟರ್. ನಮ್ಮ ಜೋಗದ್ದು 253. ಲೆಕ್ಕದಲ್ಲಿ ಅವರೇ ಗೆದ್ದರು. ಆದರೆ ಆಗಸ್ಟ್ ತಿಂಗಳಿನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಒಟ್ಟಿಗೆ ಭೋರ್ಗರೆಯುವುದನ್ನು ಕಂಡ ಶಿವಮೊಗ್ಗ ಜಿಲ್ಲೆಯವಳು ಇಷ್ಟು ಸುಲಭವಾಗಿ ಸೋಲೊಪ್ಪುವುದಿಲ್ಲ. ಚಳಿಗಾಲದಲ್ಲಿ ಇದು ಬಂಡೆಗೆ ಅಂಟಿದ ಬಿಳಿಯ ಗಡ್ಡದಂತೆ ಕಂಡಿತು.

ವೆಂಗೆನ್‌ಗೆ ವಾಹನದ ರಸ್ತೆಯ ಸಂಪರ್ಕವಿಲ್ಲ, ಊರಿನಲ್ಲಿ ಕಾರುಗಳಿಲ್ಲ. ಲೌಟರ್‌ಬ್ರುನೆನ್‌ನಿಂದ ಹಲ್ಲುಕಂಬಿಯ ರೈಲು ಬೆಟ್ಟ ಕಚ್ಚಿಕೊಂಡು ಹತ್ತುತ್ತದೆ. 1893ರಿಂದ ಓಡುತ್ತಿರುವ ದಾರಿ ಇದು. ಊರು ಇರುವುದು 1,274 ಮೀಟರ್ ಎತ್ತರದಲ್ಲಿ. ನಿಲ್ದಾಣದಲ್ಲಿ ವಿದ್ಯುತ್ ಗಾಡಿಯೊಂದು ನಮ್ಮ ಸಾಮಾನು ಹೊತ್ತಿತು, ನಾವು ಹಿಮದ ಮೇಲೆ ನಡೆದೆವು.

ಸಂಜೆ ಐದಕ್ಕೆ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ವಿಡಿಯೊ ಕರೆ. ಅಲ್ಲಿ ರಾತ್ರಿ ಒಂಬತ್ತೂವರೆ. "ಮಂಜು ಬೀಳುತ್ತಿದೆಯಾ?" ಎಂದು ಅಮ್ಮ ಕೇಳಿದರು. "ಯಾವ ಮಂಜು ಅಮ್ಮಮ್ಮ, ಕಣ್ಣಿಗೆ ಕಾಣದಂತೆ ಮಾಡುವುದಾ, ಕೆಳಗೆ ಬೀಳುವುದಾ?" ಎಂದಳು ಇಳಾ. ಮಲೆನಾಡಿನ ಬೆಳಗಿನ ಮಂಜಿಗೂ ಆಲ್ಪ್ಸ್‌ನ ಹಿಮಕ್ಕೂ ನಾವು ಒಂದೇ ಪದ ಬಳಸುತ್ತೇವೆ. ಅವಳ ಶಾಲೆಯಲ್ಲಿ ಹೊಸ ಹಿಮ, ಪುಡಿ ಹಿಮ, ಒದ್ದೆ ಹಿಮ, ಮೇಲ್ಪದರ ಗಟ್ಟಿಯಾದ ಹಿಮ ಎಲ್ಲಕ್ಕೂ ಬೇರೆ ಬೇರೆ ಹೆಸರು ಕಲಿತಿದ್ದಾಳೆ. ಅಮ್ಮನಿಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು. "ಬೀಳುವುದಕ್ಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕಾ ಮಾರಾಯ್ತಿ? ನಮ್ಮ ಬಚ್ಚಲಿನಲ್ಲೇ ಬೀಳಬಹುದಿತ್ತು."

ಭಾನುವಾರ

ದೊಡ್ಡವರ ಸ್ಕೀ ಬಾಡಿಗೆಗೆ ಸಿಗುವ ಅಂಗಡಿಯಲ್ಲಿ ಒಂದು ಅರ್ಜಿ ತುಂಬಿಸಿಕೊಳ್ಳುತ್ತಾರೆ. ವಯಸ್ಸು, ಎತ್ತರ, ತೂಕ, ಎಷ್ಟರ ಮಟ್ಟಿಗೆ ಸ್ಕೀ ಬರುತ್ತದೆ. ಇವಿಷ್ಟರ ಜೊತೆಗೆ ಬೂಟಿನ ಅಡಿಯ ಉದ್ದ ಸೇರಿಸಿ, ಬೂಟನ್ನು ಹಿಡಿದುಕೊಳ್ಳುವ ಬೈಂಡಿಂಗ್ ಎಷ್ಟು ಬಲಕ್ಕೆ ಕಳಚಿಕೊಳ್ಳಬೇಕು ಎಂದು ನಿರ್ಧರಿಸುತ್ತಾರೆ. ಬಿದ್ದಾಗ ಸ್ಕೀ ಕಳಚದಿದ್ದರೆ ಮಂಡಿ ತಿರುಚುತ್ತದೆ, ಸುಮ್ಮನೆ ಕಳಚಿದರೆ ಮನುಷ್ಯ ಉರುಳುತ್ತಾನೆ. ಇವರು ತೂಕದ ಜಾಗದಲ್ಲಿ ಏನು ಬರೆದರೆಂದು ನಾನು ಆಗ ನೋಡಲಿಲ್ಲ.

ಸ್ಕೀ ಬೂಟೆಂದರೆ ಕಾಲನ್ನು ಸಿಮೆಂಟಿನಲ್ಲಿ ಹುಗಿದ ಹಾಗೆ. ಕಣಕಾಲು ಮಡಚುವುದಿಲ್ಲ, ಹಿಮ್ಮಡಿಯಿಂದ ನಡೆಯಬೇಕು. ಒಂದು ಹೆಗಲ ಮೇಲೆ ಸ್ಕೀ, ಇನ್ನೊಂದು ಕೈಯಲ್ಲಿ ಕೋಲು, ಜೊತೆಗೆ ಮಗನ ಕೈಗವಸು. ಊರ ನಡುವಿನ ಕಲಿಕೆಯ ಇಳಿಜಾರಿಗೆ ಇನ್ನೂರು ಹೆಜ್ಜೆ ನಡೆಯುವಷ್ಟರಲ್ಲಿ, ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿದ್ದರೂ, ನನ್ನ ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು.

ಮಕ್ಕಳು ಅವರವರ ಗುಂಪಿಗೆ ಓಡಿದರು. ಸ್ಕೀ ಶಾಲೆಯ ಲಾಂಛನ ಸ್ನೋಲಿ ಎಂಬ ಬಿಳಿ ಮೊಲ. ಚಲಿಸುವ ರಬ್ಬರ್ ಹಾಸಿನ ಮೇಲೆ ನಿಂತ ಪುಟಾಣಿಗಳು ಅಂಗಡಿಯ ಕೌಂಟರಿನ ಮೇಲೆ ಸಾಗುವ ಸಾಮಾನುಗಳಂತೆ ಸಾಲಾಗಿ ಮೇಲೆ ಹೋಗುತ್ತಿದ್ದವು. ದೊಡ್ಡವರ ಗುಂಪಿನಲ್ಲಿ ನಾವಿಬ್ಬರು, ಒಬ್ಬ ಡಚ್ ದಂತವೈದ್ಯೆ, ಒಬ್ಬ ಪೋರ್ಚುಗೀಸ್ ಅಡುಗೆಯವ. ನಮ್ಮ ಶಿಕ್ಷಕ ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿನಲ್ಲಿ ಹಸು ಕಾಯುತ್ತಾನೆ, ಚಳಿಗಾಲದಲ್ಲಿ ನಮ್ಮಂಥವರನ್ನು. ನಾನು ಪುಸ್ತಕದ ಜರ್ಮನ್‌ನಲ್ಲಿ "ತಾವು" ಎಂದು ಶುರುಮಾಡಿದೆ. ಸಾವಿರ ಮೀಟರ್ ದಾಟಿದ ಮೇಲೆ ಎಲ್ಲರೂ "ನೀನು" ಎಂದೇ ಕರೆದುಕೊಳ್ಳಬೇಕು ಎಂದು ಅವನು ತಿದ್ದಿದ.

ಅವನ ಮೊದಲ ಪಾಠ: ಸ್ಕೀಗಳ ಮೂತಿ ಹತ್ತಿರ, ಬಾಲ ದೂರ ಇಟ್ಟು ಪಿಜ್ಜಾದ ತುಂಡಿನ ಆಕಾರ ಮಾಡಿದರೆ ವೇಗ ತಗ್ಗುತ್ತದೆ. ಎರಡನೆಯದು: ಮೈ ಕಣಿವೆಯ ಕಡೆಗೆ ಬಾಗಬೇಕು. ಇದು ನನ್ನಿಂದ ಆಗದ ಮಾತು. ಮಲೆನಾಡಿನ ಮಳೆಗಾಲದಲ್ಲಿ ಪಾಚಿಗಟ್ಟಿದ ದರೆ ಇಳಿಯುವವರು ಏನು ಮಾಡುತ್ತಾರೆ? ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಸಿಕ್ಕಿದ ಕೊಂಬೆ ಹಿಡಿದು ಇಳಿಯುತ್ತಾರೆ. ಇಪ್ಪತ್ತು ಮಳೆಗಾಲ ನನ್ನ ಮೂಳೆಗೆ ಕಲಿಸಿದ ಪಾಠವದು. ಸ್ಕೀ ಮೇಲೆ ನಿಂತು ಹಿಂದಕ್ಕೆ ವಾಲಿದರೆ ಭಾರವೆಲ್ಲ ಸ್ಕೀಯ ಬಾಲಕ್ಕೆ ಹೋಗಿ, ಮೂತಿ ಹಗುರಾಗಿ, ಹೇಳಿದ ಕಡೆ ತಿರುಗದೆ ಅದು ಸೀದಾ ಓಡುತ್ತದೆ. ಓಡಿತು. ಇಳಿಜಾರಿನ ಕೊನೆಯ ಬಲೆಗೆ ನಾನು ಬೆಸ್ತನ ಮೀನಿನಂತೆ ಬಿದ್ದೆ.

"ನೀನು ಎಲ್ಲಿಂದ ಬಂದವಳು?" ಎಂದು ಶಿಕ್ಷಕ ಕೇಳಿದ. ಭಾರತ ಎಂದೆ. "ಅಲ್ಲಿಯೂ ಬೆಟ್ಟವಿದೆಯಲ್ಲ?" ಬೆಟ್ಟವಿದ್ದದ್ದೇ ತೊಂದರೆಯೆಂದು ಹೇಗೆ ವಿವರಿಸಲಿ.

ಬೇಲಿಯಾಚೆಯಿಂದ ಮಗ ಇದನ್ನೆಲ್ಲ ನೋಡುತ್ತಿದ್ದ. ಮಧ್ಯಾಹ್ನ ಮನೆಗೆ ಬಂದವನೇ ಕಾಗದದ ಮೇಲೆ ಗೆರೆ ಎಳೆದು, ಫ್ರಿಜ್ ಬಾಗಿಲಿಗೆ ಸಿಕ್ಕಿಸಿದ. ಅಮ್ಮ: 23. ಅಪ್ಪ: 31. ಅಪ್ಪನ ಸ್ಕೀಗಳು ತಿರುಗಿದರೆ ಕಳಚುತ್ತಿದ್ದವು, ನಿಂತರೆ ಕಳಚುತ್ತಿದ್ದವು, ಸೀನಿದರೂ ಕಳಚುತ್ತಿದ್ದವು.

ಸೋಮವಾರ

ಬೆಳಿಗ್ಗೆ ಸ್ಕೀ ಅಂಗಡಿಗೆ ದೂರು ಕೊಡಲು ಹೋದೆವು. ಅಲ್ಲಿದ್ದ ಹುಡುಗಿ ಬೈಂಡಿಂಗ್ ಪರೀಕ್ಷಿಸಿ, ಅರ್ಜಿ ತೆಗೆದು, ಇವರನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, "ಇದು ಈಗಿನ ತೂಕವೇ?" ಎಂದು ವಿನಯದಿಂದ ಕೇಳಿದಳು. ಇವರು ಬರೆದದ್ದು ಮದುವೆಯ ಕಾಲದ ತೂಕ. ಹನ್ನೊಂದು ಕಿಲೋ ವ್ಯತ್ಯಾಸ. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲರೂ ಕೇಳುವಂತೆ ಮಗ ಅದನ್ನು ಜರ್ಮನ್‌ಗೆ ಅನುವಾದಿಸಿದ. ಸ್ಕ್ರೂಡ್ರೈವರಿನಿಂದ ನಾಲ್ಕು ತಿರುವು ಕೊಟ್ಟ ಮೇಲೆ ಇವರ ಸ್ಕೀ ಕಾಲಿಗೆ ನಿಂತಿತು.

ಅಮ್ಮ: 19. ಅಪ್ಪ: 12. ಸ್ಕೀ ಪಾಠದ ಬಗ್ಗೆ ಇಷ್ಟು ಸಾಕು. ಊಟದ ಬಗ್ಗೆ ಸ್ವಲ್ಪ ಹೇಳಬೇಕು.

ಬೆಟ್ಟದ ಉಪಾಹಾರ ಗೃಹಗಳಲ್ಲಿ ಸಸ್ಯಾಹಾರಿಗಳಿಗೆ ಬದುಕಲು ದಾರಿಯಿದೆ, ಎಚ್ಚರಿಕೆ ಬೇಕು. ಬಾರ್ಲಿ ಸೂಪು ಎಂದು ಮುಗ್ಧವಾಗಿ ಬರೆದಿದ್ದರಲ್ಲಿ ಹೆಚ್ಚಾಗಿ ಹಂದಿಮಾಂಸದ ಚೂರು ಇರುತ್ತದೆ. ಕರಗಿಸಿದ ಚೀಸಿನ ಫಾಂಡ್ಯೂಗೆ ಬಿಳಿ ವೈನ್ ಹಾಕುತ್ತಾರೆ. ಆಲೂಗಡ್ಡೆ ತುರಿದು ಕಾವಲಿಯಲ್ಲಿ ಕೆಂಪಗೆ ಹುರಿದ ರ‍್ಯೋಸ್ಟಿ ನಮಗೆ ಹೇಳಿ ಮಾಡಿಸಿದ್ದು. ಆದರೆ ಮಕ್ಕಳ ಪ್ರಾಣ ಇರುವುದು 'ಎಲ್ಪ್ಲರ್‌ಮಾಗ್ರೋನೆನ್' ಎಂಬುದರಲ್ಲಿ. ಮ್ಯಾಕರೋನಿ, ಆಲೂಗಡ್ಡೆ, ಕೆನೆ, ಚೀಸ್, ಮೇಲೆ ಹುರಿದ ಈರುಳ್ಳಿ, ಪಕ್ಕದಲ್ಲಿ ಸೇಬನ್ನು ಬೇಯಿಸಿ ಅರೆದ ಗೊಜ್ಜು. ಉಪ್ಪು ಚೀಸಿನ ಜೊತೆ ಸಿಹಿ ಸೇಬು ಎಂಥ ಹೊಂದಾಣಿಕೆ ಎಂದು ಮೊದಲ ವರ್ಷ ಮುಖ ಸಿಂಡರಿಸಿದ್ದೆ. ಉಪ್ಪಿಟ್ಟಿಗೆ ಬಾಳೆಹಣ್ಣು ಕಿವುಚಿಕೊಂಡು ತಿನ್ನುವ ಮನೆಯಿಂದ ಬಂದವಳಿಗೆ ಆ ಹಕ್ಕಿಲ್ಲವೆಂದು ಆಮೇಲೆ ಹೊಳೆಯಿತು. ಬೆಲೆ ಮಾತ್ರ ಒಂದು ತಟ್ಟೆಗೆ ಇಪ್ಪತ್ತು ಫ್ರಾಂಕ್‌ಗೂ ಹೆಚ್ಚು. ಹಾಗಾಗಿ ರಾತ್ರಿ ಕುಕ್ಕರ್ ಕೂಗಿತು. ಪಕ್ಕದ ಮನೆಯ ಬೆಲ್ಜಿಯನ್ ದಂಪತಿ ಮೂರನೇ ಸೀಟಿಗೆ ಬಾಗಿಲು ತಟ್ಟಿ ಎಲ್ಲ ಸರಿಯಿದೆಯೇ ಎಂದು ಕೇಳಿದರು. ಅವರಿಗೂ ಒಂದು ಬಟ್ಟಲು ಸಾರು ಹೋಯಿತು.

ಮಂಗಳವಾರ

ಫ್ಯೋನ್ ಬಂತು. ದಕ್ಷಿಣದಿಂದ ಆಲ್ಪ್ಸ್ ಹತ್ತಿ, ಇದ್ದ ತೇವವನ್ನೆಲ್ಲ ಆಚೆ ಬದಿಗೆ ಸುರಿದು, ಈ ಬದಿಗೆ ಇಳಿಯುವಾಗ ಒಣಗಿ ಬಿಸಿಯಾಗುವ ಗಾಳಿಯಿದು. ಒಂದೇ ರಾತ್ರಿಯಲ್ಲಿ ಚಳಿ ಹಾರಿ ಹೋಗಿ ಹತ್ತು ಡಿಗ್ರಿಯಾಗಿತ್ತು. ಸೂರಿನಿಂದ ಹಿಮದ ಗಡ್ಡೆಗಳು ಧೊಪ್ಪೆಂದು ಬೀಳುತ್ತಿದ್ದವು. ಗಾಳಿಯ ರಭಸಕ್ಕೆ ಮೇಲಿನ ಕೇಬಲ್ ಕಾರು ನಿಂತಿತ್ತು. ಈ ಗಾಳಿ ಬಂದರೆ ತಲೆನೋವು ಬರುತ್ತದೆಂದು ಸ್ವಿಸ್ ಜನ ಹೇಳುತ್ತಾರೆ. ಮೊದಲೆಲ್ಲ ನಗುತ್ತಿದ್ದೆ. ಈಗ ನನಗೂ ಬರುತ್ತದೆ. ನಾಗರಿಕತ್ವಕ್ಕೆ ಇನ್ನೂ ವರ್ಷಗಳಿವೆ, ತಲೆನೋವು ಮಾತ್ರ ಮುಂಚೆಯೇ ಮಂಜೂರಾಗಿದೆ.

ಮಕ್ಕಳ ತರಗತಿ ಅರ್ಧಕ್ಕೇ ಮುಗಿಯಿತು. ಫ್ರಿಜ್ ಮೇಲಿನ ಲೆಕ್ಕದ ಹಾಳೆಯ ಹಿಂಬದಿಗೆ ಚೌಕಾಬಾರದ ಮನೆ ಬರೆದೆ. ಕವಡೆಯಿಲ್ಲ, ಪಿಸ್ತಾ ಸಿಪ್ಪೆ ಇತ್ತು. ನಾಲ್ಕೂ ಬೋರಲಾದರೆ ಎಂಟು, ನಾಲ್ಕೂ ಅಂಗಾತವಾದರೆ ನಾಲ್ಕು. ಮಗ ಎರಡು ಆಟದಲ್ಲಿ ಎಲ್ಲ ಕಟ್ಟೆಗಳನ್ನೂ ಕಲಿತು ಮೂರನೆಯದರಲ್ಲಿ ಅಪ್ಪನ ಕಾಯಿಗಳನ್ನು ಒಂದೊಂದಾಗಿ ಹೊಡೆದ. ಸಂಜೆಯ ಕರೆಯಲ್ಲಿ ಅಮ್ಮನಿಗೆ ಅದನ್ನೇ ವರದಿ ಮಾಡಿದ. ಅಮ್ಮನಿಗೆ ಈ ಇಡೀ ಪ್ರವಾಸದಲ್ಲಿ ಅರ್ಥವಾದ ಮೊದಲ ಸಂಗತಿ ಅದು.

ಬುಧವಾರ

ಹಿಂದಿನ ಸಂಜೆಯೇ ಗಾಳಿ ತಿರುಗಿ, ರಾತ್ರಿಯಿಡೀ ಹಿಮ ಸುರಿದಿತ್ತು. ಬೆಳಗಿನ ಜಾವ ಧಡಾರ್ ಎಂಬ ಸದ್ದಿಗೆ ಎದ್ದು ಕುಳಿತೆ. ಇನ್ನೊಂದು, ಮತ್ತೊಂದು. ಇವರು ಗುಡುಗು ಎಂದರು. ಇಳಾ ಕಣ್ಣು ಮುಚ್ಚಿಕೊಂಡೇ, "ಲವೀನೆ ಹೊಡೆಯುತ್ತಿದ್ದಾರೆ, ಮಲಗಿ" ಎಂದಳು. ಲವೀನೆ ಎಂದರೆ ಹಿಮಕುಸಿತ. ಹೊಸ ಹಿಮ ಬಿದ್ದ ಬೆಳಿಗ್ಗೆ, ಜನ ಬರುವ ಮುನ್ನವೇ ಸಿಡಿಮದ್ದು ಹಾಕಿ ಅಪಾಯದ ಇಳಿಜಾರುಗಳ ಹಿಮವನ್ನು ಬೇಕೆಂದೇ ಬೀಳಿಸುತ್ತಾರೆ. ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆ ಒಂದರಿಂದ ಐದರವರೆಗಿನ ಅಂಕಿಯಲ್ಲಿ ಅಪಾಯದ ಮಟ್ಟವನ್ನು ಪ್ರಕಟಿಸುತ್ತದೆ. ಅಂದು ಮೂರು ಇತ್ತು. ಗುರುತು ಹಾಕಿದ ದಾರಿ ಬಿಟ್ಟು ಹೋಗುವವರಿಗೆ ಅದು ಸಣ್ಣ ಅಂಕಿಯಲ್ಲ. ಗುರುತು ಹಾಕಿದ ದಾರಿಯಲ್ಲೇ ನಿಲ್ಲಲಾರದ ನಮಗೆ ಅಷ್ಟೇನೂ ಸಂಬಂಧವಿರಲಿಲ್ಲ.

ಅಂದು ಶಿಕ್ಷಕ ನಮ್ಮನ್ನು ಎಳೆಯುವ ಲಿಫ್ಟಿಗೆ ಬಡ್ತಿ ಕೊಟ್ಟ. ಮೇಲೆ ಹಗ್ಗ, ಅದರಿಂದ ನೇತಾಡುವ ತಲೆಕೆಳಗಾದ ಟಿ ಆಕಾರದ ಹಿಡಿ, ಅದರ ಎರಡು ಬದಿಗೆ ಇಬ್ಬರು. ತರಗತಿ ಮುಗಿಸಿ ಬಂದ ಇಳಾ ನನ್ನ ಜೊತೆ ನಿಂತಳು. "ಅಮ್ಮ, ಕೂರಬೇಡ. ಬೆನ್ನಿಗೆ ತಾಗಿಸಿಕೊಂಡು ನಿಂತುಕೋ. ಅದೇ ಎಳೆಯುತ್ತದೆ." ಹಿಡಿ ಬಂತು. ಅವಳ ಬೆನ್ನಿಗೆ ಸರಿಯಾದದ್ದು ನನಗೆ ತೊಡೆಯ ಕೆಳಗೆ ತಾಗಿತು. ತೊಡೆಯ ಕೆಳಗೆ ಏನೋ ತಾಗಿದರೆ ಕೂರುವುದು ಮನುಷ್ಯಧರ್ಮ. ಕುಳಿತೆ. ಅದು ಬೆಂಚಲ್ಲ.

ನಾನು ಬಿದ್ದು ಬದಿಗೆ ಉರುಳಿದೆ, ಅವಳು ಬೀಳಲಿಲ್ಲ. ನಡುವೆ ಹಿಡಿ ಬಿಡುವಂತಿಲ್ಲ, ಹಿಂದಿನವರು ಬಂದು ಢಿಕ್ಕಿ ಹೊಡೆಯುತ್ತಾರೆ. ಅವಳು ಒಮ್ಮೆ ತಿರುಗಿ ನನ್ನನ್ನು ನೋಡಿ, ಹಿಡಿಯನ್ನು ತನ್ನ ಬೆನ್ನಿನ ನಡುವೆ ಸರಿಸಿಕೊಂಡು, ಮುಂದೆ ನೋಡುತ್ತ ಹೋಗಿಬಿಟ್ಟಳು. ಹಿಮದಲ್ಲಿ ಅಂಗಾತ ಬಿದ್ದಲ್ಲಿಂದಲೇ ನೋಡುತ್ತಿದ್ದೆ. ನೀಲಿ ಹೆಲ್ಮೆಟ್ ಚಿಕ್ಕದಾಗುತ್ತಾ ಹೋಯಿತು. ಮೇಲೆ ತಲುಪಿದ ಮೇಲೆ ಅವಳು ಇನ್ನಾರಿಗೋ ಕೈಬೀಸಿ ಮಾತನಾಡತೊಡಗಿದಳು, ಜರ್ಮನ್‌ನಲ್ಲೇ ಇರಬೇಕು. ಮರಗಳ ಮರೆಯಲ್ಲಿ ನಿಂತು ಹಿಂಬಾಲಿಸಲು ಅಲ್ಲಿ ಮರಗಳಿರಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಯಾರೋ ನನ್ನ ಕೋಲು ಎತ್ತಿಕೊಟ್ಟರು.

ಆ ದಿನ ಅಮ್ಮ: 11. ಆ ಹನ್ನೊಂದರಲ್ಲಿ ಇದೂ ಒಂದು.

ಒಂದು ಉಪಕಥೆ. ಈ ದೇಶದಲ್ಲಿ ವಾರಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ಒಂದೇ ಕಡೆ ಕೆಲಸ ಮಾಡುವವರಿಗೆ ಉದ್ಯೋಗದಾತರ ಮೂಲಕ ಕಡ್ಡಾಯ ಅಪಘಾತ ವಿಮೆ ಇರುತ್ತದೆ. ಕೆಲಸದ ಹೊತ್ತಿನಲ್ಲಿ ಬಿದ್ದರೆ ಮಾತ್ರವಲ್ಲ, ರಜೆಯಲ್ಲಿ ಸ್ಕೀ ಮೇಲಿಂದ ಬಿದ್ದರೂ ಅನ್ವಯಿಸುತ್ತದೆ. ಸೋಮವಾರ ಬೆಳಿಗ್ಗೆ ಕಚೇರಿಗೆ ಯಾರಾದರೂ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದರೆ "ಎಲ್ಲಿ?" ಎಂದು ಕೇಳುತ್ತಾರೆಯೇ ಹೊರತು "ಏನಾಯಿತು?" ಎಂದಲ್ಲ. ಬೀಳುವುದಕ್ಕೆ ದುಡ್ಡು ಕೊಡಬೇಕೇ ಎಂಬ ಅಮ್ಮನ ಪ್ರಶ್ನೆಗೆ ಇಡೀ ದೇಶವೇ ಹೌದೆಂದು ಸಹಿ ಹಾಕಿ, ಕಂತು ಕಟ್ಟುತ್ತಿದೆ.

ಗುರುವಾರ

ಬಿಸಿಲು. ಸ್ಕೀಗೆ ರಜೆ ಕೊಟ್ಟು, ಮರದ ಸ್ಲೆಜ್‌ಗಳನ್ನು ಬಾಡಿಗೆಗೆ ಪಡೆದು, ಹಲ್ಲುಕಂಬಿ ರೈಲಿನಲ್ಲಿ 2,061 ಮೀಟರ್ ಎತ್ತರದ ಕ್ಲೈನೆ ಷೈಡೆಕ್‌ಗೆ ಹೋದೆವು. ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರೌ ಸಾಲಾಗಿ ನಿಂತಿವೆ. ರಾಕ್ಷಸ, ಸನ್ಯಾಸಿ, ಕನ್ಯೆ. ರಾಕ್ಷಸನಿಂದ ಕನ್ಯೆಯನ್ನು ಕಾಪಾಡಲು ಸನ್ಯಾಸಿ ನಡುವೆ ನಿಂತಿದ್ದಾನೆಂದು ಜನ ಕಥೆ ಹೇಳುತ್ತಾರೆ. ಮೂರು ಪಾತ್ರ ಸಿಕ್ಕವು, ಇನ್ನು ಭಾಗವತರೊಬ್ಬರು ಬಂದರೆ ರಾತ್ರಿಯಿಡೀ ಯಕ್ಷಗಾನ ನಡೆಸಬಹುದು. ಐಗರ್‌ನ ಉತ್ತರದ ಗೋಡೆ ಸುಮಾರು 1,800 ಮೀಟರ್ ನೆಟ್ಟಗೆ ಎದ್ದಿದೆ. 1938ರಲ್ಲಿ ಮೊದಲ ಬಾರಿಗೆ ಅದನ್ನು ಹತ್ತಿದರು, ಅದಕ್ಕೆ ಮುಂಚೆ ಹಲವರು ಅಲ್ಲಿ ಸತ್ತರು. ಬಿಸಿಲಿನಲ್ಲೂ ಆ ಗೋಡೆ ಕಪ್ಪಗೆ ಇತ್ತು.

ಅಲ್ಲಿಂದ ಐಗರ್, ಮೋಂಖ್‌ಗಳ ಹೊಟ್ಟೆ ಕೊರೆದ ಸುರಂಗದಲ್ಲಿ 3,454 ಮೀಟರಿನ ಯುಂಗ್‌ಫ್ರೌಯೋಖ್‌ಗೆ ಇನ್ನೊಂದು ರೈಲು ಹೋಗುತ್ತದೆ. 1912ರಿಂದಲೂ ಹೋಗುತ್ತಿದೆ. ಪ್ಲಾಟ್‌ಫಾರ್ಮ್ ಮೇಲೆ ಹಿಂದಿ, ಗುಜರಾತಿ, ತಮಿಳು ಕೇಳಿಸಿದವು. ಐದು ದಿನದಲ್ಲಿ ಐದು ದೇಶ ನೋಡುವ ಪ್ರವಾಸಿಗಳು. ಒಬ್ಬ ಹಿರಿಯರು ನಮ್ಮ ಮಾತು ಕೇಳಿ "ಕನ್ನಡದವರಾ? ಯಾವ ಊರು?" ಎಂದರು. ಅವರು ದಾವಣಗೆರೆಯವರು. "ಇಲ್ಲೇ ಇದ್ದೀರಾ? ಪುಣ್ಯವಂತರು. ದಿನಾ ಇದನ್ನು ನೋಡುತ್ತೀರಿ." ದಿನಾ ನಾನು ನೋಡುವುದು ಟ್ರಾಮ್ ನಿಲ್ದಾಣದ ಗಡಿಯಾರವನ್ನು ಎಂದು ಹೇಳಲು ಬಾಯಿ ಬರಲಿಲ್ಲ. ಅವರ ರೈಲು ಬಂತು. ನಮ್ಮ ಖಜಾನೆ ಸ್ಲೆಜ್‌ವರೆಗೆ ಮಾತ್ರ.

ಮೇಲೆ ಲೌಬರ್‌ಹಾರ್ನ್ ಶಿಖರ ಕಾಣುತ್ತದೆ. ಅಲ್ಲಿಂದ ವೆಂಗೆನ್‌ವರೆಗೆ ಜನವರಿಯಲ್ಲಿ ನಡೆಯುವ ಸ್ಕೀ ಓಟ ವಿಶ್ವಕಪ್‌ನ ಇಳಿಯೋಟಗಳಲ್ಲೇ ಉದ್ದನೆಯದು, ಸುಮಾರು ನಾಲ್ಕೂವರೆ ಕಿಲೋಮೀಟರ್. ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. 2013ರಲ್ಲಿ ಫ್ರಾನ್ಸ್‌ನ ಯೊಹಾನ್ ಕ್ಲಾರೆ ಇಲ್ಲಿ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದರು. ನಮ್ಮ ಊರಿನ ಬಸ್ಸು ಆಗುಂಬೆ ಘಾಟಿಯಲ್ಲಿ ಮೂವತ್ತು ಮುಟ್ಟಿದರೆ ಹೆಂಗಸರು ದೇವರ ಹೆಸರು ಹೇಳುತ್ತಾರೆ. ಮಗನಿಗೆ ಇದೆಲ್ಲ ಬಾಯಿಪಾಠ. 2024ರಲ್ಲಿ ಇಲ್ಲಿ ಗೆದ್ದ ಮಾರ್ಕೊ ಓಡರ್‌ಮಾಟ್ ಅವನ ದೇವರು.

ರೈಲಿನಲ್ಲಿ ಒಂದು ನಿಲ್ದಾಣ ಕೆಳಗಿಳಿದು ವೆಂಗರ್ನಾಲ್ಪ್‌ನಿಂದ ಸ್ಲೆಜ್ ಏರಿದೆವು. ಕುಳಿತೆ. ಹಿಂದಕ್ಕೆ ವಾಲಿದೆ. ಹಿಮ್ಮಡಿ ಊರಿದೆ. ಸರಿಯಾಗಿತ್ತು! ಬಲಕ್ಕೆ ತಿರುಗಲು ಬಲಗಾಲು ಒತ್ತಬೇಕು, ನಿಲ್ಲಲು ಎರಡೂ ಹಿಮ್ಮಡಿ. ಇದು ನನಗೆ ಗೊತ್ತಿತ್ತು. ಮನೆಯ ಹಿಂದಿನ ಗುಡ್ಡದಲ್ಲಿ, ಒಣ ಹುಲ್ಲಿನ ಮೇಲೆ, ಅಡಿಕೆ ಹಾಳೆಯ ಮೇಲೆ ಕುಳಿತು ನಾನೂ ಅಣ್ಣನೂ ಜಾರಿದ್ದಕ್ಕೆ ಲೆಕ್ಕವಿಲ್ಲ. ಹಾಳೆಯ ಎಲೆಯ ತುದಿ ಕೈಯಲ್ಲಿ ಹಿಡಿದು, ಕಾಲಲ್ಲಿ ದಿಕ್ಕು ತಿರುಗಿಸಿ, ಹರಿದ ಲಂಗಕ್ಕೆ ಸಂಜೆ ಅಮ್ಮನ ಕೈಯಲ್ಲಿ ಏಟು ತಿಂದು.

ಮೊದಲ ತಿರುವಿನಲ್ಲಿ ಇವರನ್ನು ಹಿಂದೆ ಹಾಕಿದೆ. ಎರಡನೆಯದರಲ್ಲಿ ಇಳಾಳನ್ನು. ನನ್ನ ಮುಂದೆ ಕುಳಿತ ಮಗ ಹೆದರಿಕೆಗೋ ಖುಷಿಗೋ ಒಂದೇ ಸಮ ಕಿರುಚುತ್ತಿದ್ದ. ಹಿಮದ ಪುಡಿ ಮುಖಕ್ಕೆ ರಾಚಿ ಕಣ್ಣು ಮಂಜಾಯಿತು. ಕೆಳಗೆ ತಲುಪಿ ಎರಡು ಪೂರ್ತಿ ನಿಮಿಷ ಕಾದ ಮೇಲೆ ಇಳಾ ಬಂದಳು. ಆಮೇಲೆ ಇವರ ಸ್ಲೆಜ್ ಬಂತು. ಅದರ ಹಿಂದೆ ಇವರು ನಡೆದು ಬಂದರು.

"ಅಮ್ಮ, ನಿನಗೆ ಇದು ಹೇಗೆ ಬರುತ್ತದೆ?" ಎಂದು ಇಳಾ ಕೇಳಿದಳು. ಸಂಜೆ ಅದೇ ಪ್ರಶ್ನೆಯನ್ನು ಅಮ್ಮಮ್ಮನಿಗೂ ಹಾಕಿದಳು. ಅಮ್ಮ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಕೊಟ್ಟಿಗೆಗೆ ನಡೆದು, ದೀಪ ಹಾಕಿ, ಅಟ್ಟದ ಮೇಲಿಂದ ಒಂದು ಒಣಗಿದ ಹಾಳೆ ಎಳೆದು ಕ್ಯಾಮೆರಾದ ಮುಂದೆ ಹಿಡಿದರು. "ಇದರ ಮೇಲೆ. ನಿನ್ನ ಅಮ್ಮ ಹರಿದ ಲಂಗಗಳ ಲೆಕ್ಕ ನನ್ನ ಹತ್ತಿರ ಇದೆ." ಮಗ ಕೂಡಲೇ ಪೆನ್ಸಿಲ್ ತಂದು, ಎಷ್ಟು ಎಂದು ಕೇಳಿದ.

ಶುಕ್ರವಾರ

ವಾರದ ಕೊನೆಗೆ ಮಕ್ಕಳ ಓಟ. ಎದೆಗೆ ಸಂಖ್ಯೆ ಕಟ್ಟಿಕೊಂಡು, ಕಂಬಗಳ ನಡುವೆ ಹಾವಿನಂತೆ ಇಳಿಯಬೇಕು. ಎಲ್ಲರಿಗೂ ಪದಕ. ಮಗ ಎರಡು ಕಂಬ ಬಿಟ್ಟು ಮೂರನೆಯದನ್ನು ಅಪ್ಪಿಕೊಂಡು ನಿಂತ. ಶಿಕ್ಷಕಿ ಬಿಡಿಸಿದಳು. ಇಳಾ ಅವಳ ಗುಂಪಿನಲ್ಲಿ ನಾಲ್ಕನೆಯವಳು. ಮೂರನೆಯವಳಾಗಲಿಲ್ಲವೆಂದು ಅರ್ಧ ಗಂಟೆ ಮಾತನಾಡಲಿಲ್ಲ. ಸ್ಪರ್ಧೆಯ ವಿಷಯದಲ್ಲಿ ಅವಳು ಅಪ್ಪಟ ಬೆಂಗಳೂರಿನ ಟ್ಯೂಷನ್ ಮಕ್ಕಳ ಸಂತತಿ, ಅಪ್ಪನ ಕಡೆಯದು.

ಮಧ್ಯಾಹ್ನ ಕಲಿಕೆಯ ಇಳಿಜಾರನ್ನು ನಾನು ಮೇಲಿನಿಂದ ಕೆಳಗಿನವರೆಗೆ, ಪಿಜ್ಜಾ ಆಕಾರದಲ್ಲೇ, ಬೀಳದೆ ಇಳಿದೆ. ಮೈಯನ್ನು ಕಣಿವೆಗೆ ಒಡ್ಡಿದ್ದು ಧೈರ್ಯದಿಂದಲ್ಲ, ಸುಸ್ತಿನಿಂದ. ಹಿಂದಕ್ಕೆ ವಾಲಲು ತೊಡೆಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಶಿಕ್ಷಕ ಕೋಲು ಎತ್ತಿ ಹರ್ಷ ಪ್ರಕಟಿಸಿದ. ಆ ಹೆಮ್ಮೆಯಲ್ಲಿ ಮತ್ತೆ ಹತ್ತಿ ಆರು ಸಲ ಬಿದ್ದೆ. ಅಮ್ಮ: 6.

ಶನಿವಾರ

ಹತ್ತು ಗಂಟೆಗೆ ಕೋಣೆ ಬಿಡಬೇಕು. ಬಾಡಿಗೆ ಮನೆಯನ್ನು ಬಂದಾಗ ಇದ್ದುದಕ್ಕಿಂತ ಚೆನ್ನಾಗಿ ಒರೆಸಿ ಕೊಡುವುದು ಆರು ವರ್ಷದಲ್ಲಿ ರಕ್ತಗತವಾಗಿದೆ. ಒಗ್ಗರಣೆಯ ಘಮ ಹೋಗಲೆಂದು ಎಲ್ಲ ಕಿಟಕಿ ತೆರೆದು, ಕೋಟು ಹಾಕಿಕೊಂಡೇ ನೆಲ ಒರೆಸಿದೆ. ತ್ಸ್ವೈಲ್ಯೂಚಿನೆನ್‌ನಲ್ಲಿ ಎರಡು ರೈಲುಗಳು ಮತ್ತೆ ಒಂದಾದವು. ಈ ಸಲ ಯಾರೂ ಇಳಿಯಬೇಕಾಗಲಿಲ್ಲ.

ಜ್ಯೂರಿಕ್‌ನಲ್ಲಿ ಹಿಮವಿರಲಿಲ್ಲ, ಸಣ್ಣ ಮಳೆ. ನಾಲ್ಕು ಜನರ ಒಂದು ವಾರದ ಒದ್ದೆ ಬಟ್ಟೆ, ಒಗೆಯುವ ಪಾಳಿಗೆ ಇನ್ನೂ ನಾಲ್ಕು ದಿನ. ಕೋಣೆ ಕೋಣೆಯ ಹೀಟರಿನ ಮೇಲೂ ಸಾಕ್ಸು ಹರಡಿದೆ. ಫ್ರಿಜ್ ಬಾಗಿಲಿಗೆ ಮಗ ಲೆಕ್ಕದ ಹಾಳೆಯನ್ನು ಮತ್ತೆ ಸಿಕ್ಕಿಸಿ, ಅಕ್ಕನ ಸಹಾಯದಿಂದ ಕೂಡಿಸಿದ. ಅಮ್ಮ: 59. ಹಿಂಬದಿಯಲ್ಲಿ ಚೌಕಾಬಾರ.

ಸ್ಕೀ ಬೂಟುಗಳನ್ನು ಇಡಲೆಂದು ನೆಲಮಾಳಿಗೆಗೆ ಇಳಿಯುತ್ತಿದ್ದೆ. ಯಾರದೋ ಕೊಡೆಯಿಂದ ಮೆಟ್ಟಿಲ ಮೇಲೆ ನೀರು ಸುರಿದಿತ್ತು. ಕೊನೆಯ ಮೂರು ಮೆಟ್ಟಿಲು ನಾನು ಕುಳಿತೇ ಇಳಿದೆ. ಬೂಟುಗಳು ನನಗಿಂತ ಮುಂಚೆ ತಲುಪಿದವು. ಸದ್ದಿಗೆ ಮೇಲಿನ ಬಾಗಿಲು ತೆರೆಯಿತು. ಮೊದಲು ಮಗನ ಮುಖ, ಆಮೇಲೆ ಅವನ ಕೈಯಲ್ಲಿದ್ದ ಪೆನ್ಸಿಲ್ ಕಂಡಿತು.

"ಅಮ್ಮ, ಇದನ್ನೂ ಸೇರಿಸಲಾ?"